ಹೆಬ್ಬೆಟ್ಟು, ಸಹಿ, ಸಾಕ್ಷಿ: ಕರಾರು ಪತ್ರಗಳು ನಡೆದು ಬಂದ ದಾರಿ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ರಾಜರ ಇತಿಹಾಸ, ಯುದ್ಧಗಳ ಇತಿಹಾಸವನ್ನು ಶಾಲೆಯ ಪುಸ್ತಕಗಳಲ್ಲಿ ಎಲ್ಲರೂ ಓದಿದ್ದೀರಿ. ಆದರೆ ನಮ್ಮ ಸಂಘದ ಕಚೇರಿಯ ಕಬ್ಬಿಣದ ತಿಜೋರಿಯಲ್ಲಿ ಕಟ್ಟುಕಟ್ಟಾಗಿ ಇಟ್ಟಿರುವ ಕಾಗದಗಳಿಗೂ ಒಂದು ಇತಿಹಾಸ ಇದೆ. ಸಾಲದ ಕರಾರು ಪತ್ರದ ಕೆಳಗೆ ಸಹಿ ಏಕೆ, ಸಹಿ ಬಾರದವರು ಹೆಬ್ಬೆಟ್ಟು ಏಕೆ ಒತ್ತಬೇಕು, ಸಾಕ್ಷಿ ಏಕೆ, ತಾರೀಖು ಏಕೆ, ಸ್ಟಾಂಪು ಏಕೆ? ಇವೆಲ್ಲ ಸುಮ್ಮನೆ ಹುಟ್ಟಿದ ಕಟ್ಟಳೆಗಳಲ್ಲ. ಒಂದೊಂದರ ಹಿಂದೆಯೂ ಯಾರೋ ಮೋಸ ಹೋದ ಕಥೆ ಇದೆ, ಯಾರೋ ಹೊಲ ಕಳಕೊಂಡ ಕಥೆ ಇದೆ. ಅದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ. ನಡುವೆ ನಮ್ಮ ಸಂಘದ್ದೇ ಒಂದು ಕಹಿ ಅನುಭವವನ್ನೂ ಮುಚ್ಚಿಡದೆ ಹೇಳುತ್ತೇವೆ.

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕೊಡುವಾಗ ಇಬ್ಬರೂ ಸ್ನೇಹಿತರೇ. ಕೇಳುವಾಗ ನೆನಪು ಎರಡು ದಾರಿ ಹಿಡಿಯುತ್ತದೆ. ಒಬ್ಬ ಸಾವಿರ ಎನ್ನುತ್ತಾನೆ, ಇನ್ನೊಬ್ಬ ಎಂಟುನೂರು ಎನ್ನುತ್ತಾನೆ. ಇಬ್ಬರೂ ಸುಳ್ಳರೇ ಆಗಬೇಕೆಂದಿಲ್ಲ. ಮನುಷ್ಯನ ನೆನಪೇ ಹಾಗೆ. ಆದ್ದರಿಂದಲೇ ಹಿರಿಯರು ನೆನಪನ್ನು ಮನಸ್ಸಿನಲ್ಲಿ ಇಡುವ ಬದಲು ಕಲ್ಲಿನ ಮೇಲೆ, ತಾಮ್ರದ ಮೇಲೆ, ಆಮೇಲೆ ಕಾಗದದ ಮೇಲೆ ಇಟ್ಟರು.

ಕಲ್ಲಿನ ಮೇಲಿನ ಕರಾರು

ನಮ್ಮ ನಾಡಿನಲ್ಲಿ ಶಾಸನವಿಲ್ಲದ ಊರು ಅಪರೂಪ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವ ಈ ಕಲ್ಲುಗಳನ್ನು ನಾವು ದೇವರೆಂದು ಕುಂಕುಮ ಹಚ್ಚುತ್ತೇವೆ, ಇಲ್ಲವೇ ದನ ಕಟ್ಟುತ್ತೇವೆ. ನಿಜವಾಗಿ ನೋಡಿದರೆ ಅವುಗಳಲ್ಲಿ ಬಹಳಷ್ಟು ಅಂದಿನ ಕಾಲದ ದಸ್ತಾವೇಜುಗಳೇ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಶಾಸನ 1007ನೇ ಇಸವಿಯದು. ಇಂಥ ದತ್ತಿ ಶಾಸನಗಳ ಕ್ರಮವನ್ನು ಗಮನಿಸಿದರೆ ಇಂದಿನ ಖರೇದಿ ಪತ್ರದ ಕ್ರಮವೇ ಕಾಣುತ್ತದೆ. ಮೊದಲು ಆಳುವ ಅರಸನ ಹೆಸರು, ಆಮೇಲೆ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಅಂದರೆ ಇಂದಿನ ತಾರೀಖು. ಆಮೇಲೆ ಕೊಟ್ಟವರು ಯಾರು, ಪಡೆದವರು ಯಾರು. ನಂತರ ಎಷ್ಟು ಮತ್ತರು ಭೂಮಿ, ಅದರ ಮೂಡಣ, ತೆಂಕಣ, ಪಡುವಣ, ಬಡಗಣ ಗಡಿಗಳು ಯಾವುವು. ಅಂದರೆ ಇಂದಿನ ಚಕ್ಕುಬಂದಿ. ಊರ ಮಹಾಜನರು, ಗಾವುಂಡರು ಎದುರಿಗಿದ್ದರೆಂಬ ಮಾತು ಬರುತ್ತದೆ. ಅವರೇ ಸಾಕ್ಷಿಗಳು.

ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರರನ್ನು ಕೆತ್ತುವುದು ರೂಢಿ. ಅವು ಇರುವ ತನಕ ಈ ಕೊಡುಗೆ ನಡೆಯಬೇಕು ಎಂಬುದು ಅದರ ಅರ್ಥ. ಕೊನೆಗೆ ಶಾಪ. ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂದು ಬರೆಯುತ್ತಿದ್ದರು. ಇವತ್ತು ನಾವು ನಗಬಹುದು. ಆದರೆ ಕೋರ್ಟು, ಪೋಲೀಸು, ಜಪ್ತಿ ವಾರಂಟು ಸುಲಭವಾಗಿ ಸಿಕ್ಕದ ಕಾಲದಲ್ಲಿ ಕರಾರನ್ನು ಕಾಯಲು ಜನರ ಭಯಭಕ್ತಿಯೇ ಆಸರೆಯಾಗಿತ್ತು. ಶಾಪದ ಜಾಗದಲ್ಲಿ ಇಂದು ಕಾಯ್ದೆಯ ಕಲಮು ಬಂದಿದೆ, ಅಷ್ಟೆ.

ಮಿತಾಕ್ಷರ ಹೇಳಿದ ಕಾಗದದ ಲಕ್ಷಣ

ಸಾಲದ ಪತ್ರ ಹೇಗಿರಬೇಕೆಂದು ಬಹು ಹಿಂದೆಯೇ ಬರೆದಿಟ್ಟವರು ಸ್ಮೃತಿಕಾರರು. ಅವರಲ್ಲಿ ಯಾಜ್ಞವಲ್ಕ್ಯನ ಸ್ಮೃತಿ ಮುಖ್ಯವಾದುದು. ಅದಕ್ಕೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕನ್ನಡ ನಾಡಿನವನು ಎಂಬುದು ನಾವು ಹೆಮ್ಮೆ ಪಡಬೇಕಾದ ವಿಷಯ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಈ ಗ್ರಂಥ ರಚಿತವಾಯಿತು. ಮುಂದೆ ಬಂಗಾಳದ ಕಡೆ ಬಿಟ್ಟು ಹಿಂದುಸ್ಥಾನದ ಬಹುಭಾಗದಲ್ಲಿ ಆಸ್ತಿ ಹಂಚಿಕೆಯ ಪ್ರಶ್ನೆ ಬಂದಾಗ ಬ್ರಿಟಿಷರ ಕೋರ್ಟುಗಳೂ ಇದನ್ನೇ ಆಧಾರವಾಗಿ ಹಿಡಿದವು.

ಅದರಲ್ಲಿ ಲೇಖ್ಯ ಎಂಬ ಪ್ರಕರಣವಿದೆ. ಲೇಖ್ಯ ಎಂದರೆ ಬರೆದ ಪತ್ರ. ಅಲ್ಲಿ ಹೇಳಿರುವುದರ ಸಾರ ಹೀಗಿದೆ. ಇಬ್ಬರೂ ಒಪ್ಪಿದ ವ್ಯವಹಾರವನ್ನು ಸಾಕ್ಷಿಗಳ ಎದುರಿಗೆ ಬರೆಯಬೇಕು. ಪತ್ರದಲ್ಲಿ ವರ್ಷ, ತಿಂಗಳು, ಪಕ್ಷ, ದಿನ ಇರಬೇಕು. ಹೆಸರು, ತಂದೆಯ ಹೆಸರು ಇರಬೇಕು. ಬರಹ ಮುಗಿದ ಮೇಲೆ ಸಾಲಗಾರನು ತನ್ನ ಕೈಯಿಂದಲೇ, ಇಂಥವನ ಮಗನಾದ ನನಗೆ ಮೇಲೆ ಬರೆದದ್ದು ಒಪ್ಪಿಗೆ ಎಂದು ಬರೆಯಬೇಕು. ಸಾಕ್ಷಿಗಳೂ ತಮ್ಮ ತಂದೆಯ ಹೆಸರು ಸಹಿತ ತಮ್ಮ ಕೈಯಿಂದಲೇ ಬರೆಯಬೇಕು. ಕಟ್ಟಕಡೆಗೆ ಪತ್ರ ಬರೆದುಕೊಟ್ಟವನು ತನ್ನ ಹೆಸರು ಹಾಕಬೇಕು. ಸಾಲಗಾರ ಪೂರ್ತಿ ತನ್ನ ಕೈಬರಹದಲ್ಲೇ ಬರೆದುಕೊಟ್ಟರೆ ಸಾಕ್ಷಿ ಇಲ್ಲದಿದ್ದರೂ ಪತ್ರ ನಡೆಯುತ್ತದೆ. ಆದರೆ ಒತ್ತಾಯದಿಂದಲೋ ಮೋಸದಿಂದಲೋ ಬರೆಸಿಕೊಂಡಿದ್ದರೆ ಅದು ನಡೆಯುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತು ಮುಂದಿದೆ. ಸಾಲಗಾರ ಕಂತು ಕಂತಾಗಿ ಕೊಟ್ಟಾಗಲೆಲ್ಲ ಆ ಪತ್ರದ ಬೆನ್ನ ಮೇಲೆ ಬರೆಯಬೇಕು, ಇಲ್ಲವೇ ಸಾಲ ಕೊಟ್ಟವನು ತನ್ನ ಕೈಬರಹದ ಪಾವತಿ ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿಯಬೇಕು, ಅಥವಾ ತೀರಿತೆಂದು ಬೇರೆ ಪತ್ರ ಮಾಡಿಕೊಡಬೇಕು. ಸಾಕ್ಷಿಗಳ ಮುಂದೆ ಪಡೆದ ಸಾಲವನ್ನು ಸಾಕ್ಷಿಗಳ ಮುಂದೆಯೇ ತೀರಿಸಬೇಕು. ನಾವು ಇಂದು ಪಾಸ್‌ಬುಕ್ಕು, ರಸೀದಿ, ಫಾರಖತ್ತು ಎನ್ನುವುದೆಲ್ಲ ಇದೇ ಅಲ್ಲವೇ? ಒಂಬೈನೂರು ವರ್ಷಗಳ ಹಿಂದೆ ನಮ್ಮ ನೆಲದಲ್ಲೇ ಇಷ್ಟು ವಿವರವಾಗಿ ಬರೆದಿಟ್ಟಿದ್ದರು. ಪಾಲಿಸಿದವರು ಎಷ್ಟು ಜನ ಎಂಬುದು ಬೇರೆ ಮಾತು.

ಸ್ಟಾಂಪು ಬಂತು, ಅಂಗೈ ಗುರುತು ಬಂತು

ಬ್ರಿಟಿಷರ ಆಳ್ವಿಕೆಯಲ್ಲಿ ಕಾಗದಕ್ಕೆ ಹೊಸ ಲಕ್ಷಣಗಳು ಸೇರಿದವು. ಮೊದಲನೆಯದು ಸ್ಟಾಂಪು. ಇದು ಹುಟ್ಟಿದ್ದು ಹಾಲೆಂಡ್ ದೇಶದಲ್ಲಿ, 1624ರಲ್ಲಿ. ಸರಕಾರಕ್ಕೆ ಹಣ ಬೇಕಾಗಿತ್ತು. ಜನ ವ್ಯವಹಾರ ಮಾಡುವ ಕಾಗದಕ್ಕೇ ತೆರಿಗೆ ಹಾಕಿದರು. ಇಂಗ್ಲೆಂಡಿಗೆ ಅದು 1694ರಲ್ಲಿ ಬಂತು, ನಮ್ಮ ದೇಶದಲ್ಲಿ ಬಂಗಾಳಕ್ಕೆ 1797ರಲ್ಲಿ. ಇಂಡಿಯನ್ ಸ್ಟಾಂಪ್ ಆಕ್ಟ್ 1899ರದು, ನಮ್ಮ ಕರ್ನಾಟಕ ಸ್ಟಾಂಪು ಕಾಯ್ದೆ 1957ರದು. ಇಲ್ಲಿ ಒಂದು ತಪ್ಪು ತಿಳುವಳಿಕೆ ಹೋಗಬೇಕು. ಸ್ಟಾಂಪು ಕಾಗದದ ಮೇಲೆ ಬರೆದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದಿಲ್ಲ. ಸ್ಟಾಂಪು ಸರಕಾರಕ್ಕೆ ಸಲ್ಲುವ ಶುಲ್ಕ. ಅದನ್ನು ಕಟ್ಟದ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ನೋಡುವುದಿಲ್ಲ. ಬಹಳ ಪತ್ರಗಳಿಗೆ ಆಮೇಲೆ ಬಾಕಿ ಶುಲ್ಕ ಮತ್ತು ದಂಡ ಕಟ್ಟಿ ಸರಿಪಡಿಸಿಕೊಳ್ಳುವ ಅವಕಾಶವಿದೆ. ಪ್ರಾಮಿಸರಿ ನೋಟಿಗೆ ಮಾತ್ರ ಆ ಅವಕಾಶವಿಲ್ಲ. ಟಿಕೀಟು ಹಚ್ಚದ ನೋಟು, ಎಷ್ಟು ದಂಡ ಕಟ್ಟುತ್ತೇನೆಂದರೂ ಕೋರ್ಟಿನಲ್ಲಿ ನಡೆಯುವುದಿಲ್ಲ.

ಎರಡನೆಯದು ಹೆಬ್ಬೆಟ್ಟಿನ ಕಥೆ. ಇದು ಬಹಳ ಸ್ವಾರಸ್ಯವಾಗಿದೆ. 1858ನೇ ಇಸವಿ. ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದನು. ರಸ್ತೆಗೆ ಬೇಕಾದ ಸಾಮಾನು ಒದಗಿಸಲು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನೊಂದಿಗೆ ಕರಾರಾಯಿತು. ಕೊನಾಯಿಗೆ ಓದು ಬರಹ ಬರುತ್ತಿತ್ತು. ಕರಾರನ್ನು ಅವನೇ ತನ್ನ ಕೈಯಿಂದ ಬರೆದಿದ್ದ. ಆದರೆ ಆ ಕಾಲದಲ್ಲಿ ಇದು ನನ್ನ ಸಹಿಯೇ ಅಲ್ಲ ಎಂದು ಆಮೇಲೆ ಜಾರಿಕೊಳ್ಳುವವರು ಬಹಳ. ಹರ್ಷೆಲ್‌ಗೆ ಒಂದು ಉಪಾಯ ಹೊಳೆಯಿತು. ಕಚೇರಿಯ ಮೊಹರಿಗೆ ಬಳಸುತ್ತಿದ್ದ ಮಸಿಯನ್ನು ಕೊನಾಯಿಯ ಅಂಗೈಗೆ ಬಳಿದು, ಕರಾರು ಪತ್ರದ ಹಿಂಬದಿಗೆ ಒತ್ತಿಸಿದ. ಆಗ ಅದು ಬರೀ ಹೆದರಿಸುವ ತಂತ್ರ. ಆಮೇಲೆ ಅವನು ವರ್ಷಗಟ್ಟಲೆ ಬೆರಳ ಗುರುತುಗಳನ್ನು ಕೂಡಿಹಾಕಿ ನೋಡಿದಾಗ, ಒಬ್ಬನ ಗೆರೆ ಇನ್ನೊಬ್ಬನಿಗಿಲ್ಲ, ವಯಸ್ಸಾದರೂ ಗೆರೆ ಬದಲಾಗುವುದಿಲ್ಲ ಎಂದು ಮನವರಿಕೆಯಾಯಿತು. 1877ರಲ್ಲಿ ಹೂಗ್ಲಿ ಜಿಲ್ಲೆಯ ಮ್ಯಾಜಿಸ್ಟ್ರೇಟನಾಗಿದ್ದಾಗ ಪಿಂಚಣಿದಾರರಿಂದಲೂ, ನೋಂದಣಿಗೆ ಬಂದ ಪತ್ರಗಳ ಮೇಲೂ ಬೆರಳ ಗುರುತು ತೆಗೆದುಕೊಳ್ಳುವ ಪದ್ಧತಿ ಹಾಕಿದ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಆ ಗುರುತುಗಳನ್ನು ವರ್ಗ ಮಾಡಿ ಹುಡುಕುವ ಕ್ರಮವನ್ನು ರೂಪಿಸುವಲ್ಲಿ ನಮ್ಮ ದೇಶದವರೇ ಆದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಪಾಲು ದೊಡ್ಡದು.

ಅದೇ 1897ರ ಜನರಲ್ ಕ್ಲಾಜಸ್ ಆಕ್ಟ್ ಎಂಬ ಕಾಯ್ದೆಯಲ್ಲಿ, ಹೆಸರು ಬರೆಯಲು ಬಾರದವನು ಹಾಕಿದ ಗುರುತೂ ಸಹಿಯೇ ಎಂದು ಹೇಳಿದೆ. ಆದ್ದರಿಂದ ಹೆಬ್ಬೆಟ್ಟು ಒತ್ತುವವರು ನಾಚಿಕೊಳ್ಳಬೇಕಾದ್ದಿಲ್ಲ. ಸಹಿಯನ್ನಾದರೂ ಯಾರಾದರೂ ನಕಲು ಮಾಡಬಹುದು, ಹೆಬ್ಬೆಟ್ಟನ್ನು ಮಾಡುವುದು ಕಷ್ಟ. ಆದರೆ ಹೆಬ್ಬೆಟ್ಟಿನ ಅಪಾಯ ಬೇರೆ ಕಡೆ ಇದೆ. ಒತ್ತಿದವನಿಗೆ ಮೇಲೆ ಏನು ಬರೆದಿದೆ ಎಂಬುದು ಗೊತ್ತಿರುವುದಿಲ್ಲ. ಆ ಅಪಾಯ ಎಷ್ಟು ದೊಡ್ಡದೆಂಬುದು ಮುಂದಿನ ಕಥೆಯಿಂದ ತಿಳಿಯುತ್ತದೆ.

ಸುಪೆಯಲ್ಲಿ ಸುಟ್ಟ ಕಾಗದಗಳು

1859ರಲ್ಲಿ ಸರಕಾರ ಮುದ್ದತಿನ ಕಾಯ್ದೆ ತಂದಿತು. ಸಾಮಾನ್ಯ ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವೆ ಹಾಕಬೇಕು, ಆಮೇಲೆ ಹಾಕಿದರೆ ಕೋರ್ಟು ಕೇಳುವುದಿಲ್ಲ ಎಂಬುದು ಅದರ ಸಾರಾಂಶ. ಬಡ್ಡಿ ಬೆಳೆಯುತ್ತ ಹೋಗದಿರಲಿ, ಹಳೇ ಸಾಲದ ನೆಪದಲ್ಲಿ ರೈತನನ್ನು ಕಾಡದಿರಲಿ ಎಂಬ ಒಳ್ಳೆಯ ಉದ್ದೇಶವೂ ಅದರಲ್ಲಿತ್ತು. ಆದರೆ ಆದದ್ದು ಉಲ್ಟಾ. ಮೂರು ವರ್ಷ ಮುಗಿಯುವ ಮೊದಲೇ ಸಾವಕಾರ ರೈತನನ್ನು ಕರೆಸಿ, ಅಸಲು ಬಡ್ಡಿ ಎರಡನ್ನೂ ಕೂಡಿಸಿ, ಅದನ್ನೇ ಹೊಸ ಅಸಲೆಂದು ಬರೆದು ಹೊಸ ಪತ್ರಕ್ಕೆ ಗುರುತು ಹಾಕಿಸಿಕೊಳ್ಳುತ್ತಿದ್ದ. ಮತ್ತೆ ಮೂರು ವರ್ಷಕ್ಕೆ ಮತ್ತೊಂದು ಪತ್ರ. ಕೊಟ್ಟ ಹಣಕ್ಕೆ ರಸೀದಿ ಇಲ್ಲ. ರೈತನಿಗೆ ಓದಲು ಬಾರದು. ಕೋರ್ಟಿಗೆ ಹೋದರೆ ಕಾಗದ ಸಾವಕಾರನ ಪರವಾಗಿಯೇ ಮಾತಾಡುತ್ತಿತ್ತು.

ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ (1861–65) ನಮ್ಮ ಹತ್ತಿಗೆ ಒಳ್ಳೇ ಬೆಲೆ ಬಂದು ಸಾಲ ಧಾರಾಳವಾಗಿ ಸಿಕ್ಕಿತ್ತು. ಯುದ್ಧ ಮುಗಿದು ಬೆಲೆ ಬಿದ್ದಾಗ ಸಾಲ ಸಿಕ್ಕುವುದೂ ನಿಂತಿತು, ಕಂದಾಯ ಮಾತ್ರ ಏರಿತು. ಕೊನೆಗೆ 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯ ಊರಿನಲ್ಲಿ ರೈತರು ಎದ್ದರು. ಸಾವಕಾರರ ಮನೆಗೆ ನುಗ್ಗಿ ಅವರು ಮುಖ್ಯವಾಗಿ ಕೇಳಿದ್ದು ಲೆಕ್ಕದ ವಹಿ ಮತ್ತು ಸಾಲದ ಪತ್ರಗಳನ್ನು. ಅವನ್ನು ಬೀದಿಗೆ ತಂದು ಬೆಂಕಿ ಹಚ್ಚಿದರು. ಗಲಭೆ ಪುಣೆ, ಅಹಮದನಗರ ಜಿಲ್ಲೆಗಳ ಅನೇಕ ಊರುಗಳಿಗೆ ಹಬ್ಬಿತು. ಪತ್ರ ಕೊಟ್ಟ ಕಡೆ ಸಾಮಾನ್ಯವಾಗಿ ಯಾರ ಮೈಮೇಲೂ ಕೈ ಮಾಡಲಿಲ್ಲ. ರೈತರ ಸಿಟ್ಟು ಎಲ್ಲಕ್ಕಿಂತ ಹೆಚ್ಚಾಗಿ ಕಾಗದದ ಮೇಲಿತ್ತು ಎಂಬುದನ್ನು ನಾವು ಮರೆಯಬಾರದು.

ಸರಕಾರ ತನಿಖೆಗೆ ಆಯೋಗ ನೇಮಿಸಿತು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಅನ್ವಯವಾಯಿತು. ಅದರಲ್ಲಿ ಮೂರು ಮಾತು ಮುಖ್ಯ. ಒಂದು, ರೈತನ ಸಾಲಪತ್ರವನ್ನು ಗ್ರಾಮ ರಿಜಿಸ್ಟ್ರಾರನ ಮೇಲ್ವಿಚಾರಣೆಯಲ್ಲಿ ಬರೆದು ಅವನ ಎದುರಿಗೇ ಸಹಿ ಮಾಡಿಸಬೇಕು. ಎರಡು, ಕೋರ್ಟು ಕೇವಲ ಪತ್ರ ನೋಡಿ ಡಿಕ್ರಿ ಕೊಡಬಾರದು. ವ್ಯವಹಾರದ ಬುಡಕ್ಕೆ ಹೋಗಿ, ಮೊದಲು ನಿಜವಾಗಿ ಎಷ್ಟು ಹಣ ಕೈಸೇರಿತ್ತು ಎಂದು ವಿಚಾರಿಸಬೇಕು. ಮೂರು, ಹಣ ಕೊಟ್ಟ ರೈತನಿಗೆ ರಸೀದಿ ಕೇಳುವ, ಪಾಸ್‌ಬುಕ್ಕು ಕೇಳುವ ಹಕ್ಕಿದೆ. ಮಿತಾಕ್ಷರದಲ್ಲಿದ್ದ ಮಾತೇ ಎಂಟುನೂರು ವರ್ಷದ ಮೇಲೆ ಇಂಗ್ಲಿಷ್ ಕಾಯ್ದೆಯಾಗಿ ತಿರುಗಿ ಬಂದಂತಾಯಿತು.

ಇದರಿಂದ ನಾವು ಕಲಿಯುವ ಪಾಠ ಎರಡು ಕಡೆಯದು. ಕಾಗದ ಇಲ್ಲದಿದ್ದರೆ ಕೊಟ್ಟವನಿಗೆ ಮೋಸ. ಕಾಗದ ಅರ್ಥವಾಗದಿದ್ದರೆ ಪಡೆದವನಿಗೆ ಮೋಸ.

ಯಾವ ಕರಾರು ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಇಂದಿಗೂ ನಮ್ಮ ವ್ಯವಹಾರಗಳಿಗೆಲ್ಲ ತಳಪಾಯವಾಗಿರುವುದು 1872ರ ಕರಾರು ಕಾಯ್ದೆ. ಕರಾರು ಊರ್ಜಿತವಾಗಬೇಕಾದರೆ ಇಬ್ಬರೂ ಮನಃಪೂರ್ವಕ ಒಪ್ಪಿರಬೇಕು, ಪ್ರಾಯಕ್ಕೆ ಬಂದು ಬುದ್ಧಿ ಸ್ವಾಧೀನದಲ್ಲಿರಬೇಕು, ಪ್ರತಿಫಲ ಇರಬೇಕು, ಉದ್ದೇಶ ಕಾಯ್ದೆಗೆ ವಿರುದ್ಧವಾಗಿರಬಾರದು. ಬಹಳ ಜನರಿಗೆ ಆಶ್ಚರ್ಯವಾಗಬಹುದು, ಬಾಯಿ ಮಾತಿನ ಕರಾರೂ ಈ ಕಾಯ್ದೆಯ ಪ್ರಕಾರ ಕರಾರೇ. ಬರವಣಿಗೆ ಬೇಕೆಂದು ಬೇರೆ ಕಾಯ್ದೆ ಹೇಳಿದ ಕಡೆ ಮಾತ್ರ ಬರವಣಿಗೆ ಕಡ್ಡಾಯ. ಆದರೆ ಬಾಯಿ ಮಾತನ್ನು ಸಾಬೀತು ಮಾಡುವುದು ಯಾರಿಂದಾದೀತು?

ವಯಸ್ಸಿನ ವಿಷಯದಲ್ಲಿ 1903ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಒಂದು ದೊಡ್ಡ ತೀರ್ಪು ಕೊಟ್ಟಿತು. ಕಲಕತ್ತೆಯ ಧರ್ಮದಾಸ ಘೋಷ್ ಎಂಬ ಅಪ್ರಾಪ್ತ ವಯಸ್ಕ ತನ್ನ ಆಸ್ತಿಯನ್ನು ಅಡವಿಟ್ಟು ಸಾಲ ಪಡೆದಿದ್ದ. ಅವನಿಗೆ ಪ್ರಾಯವಾಗಿಲ್ಲವೆಂಬುದು ಸಾಲ ಕೊಟ್ಟವನ ಕಡೆಯ ವಕೀಲನಿಗೆ ತಿಳಿದಿತ್ತು. ಅಪ್ರಾಪ್ತ ವಯಸ್ಕನ ಕರಾರು ಮೊದಲಿನಿಂದಲೇ ಅನೂರ್ಜಿತ ಎಂದು ತೀರ್ಪಾಯಿತು. ಅಡವು ಪತ್ರವೂ ಹೋಯಿತು, ಹಣವೂ ಬರಲಿಲ್ಲ. ನಮ್ಮ ಸಂಘದಲ್ಲಿ ಸಾಲದ ಅರ್ಜಿಯೊಂದಿಗೆ ವಯಸ್ಸಿನ ದಾಖಲೆ ಕೇಳಿದಾಗ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಅದರ ಮೂಲ ಇಲ್ಲಿದೆ.

ಭೂಮಿಯ ವಿಷಯಕ್ಕೆ ಬಂದರೆ ಕಟ್ಟಳೆ ಇನ್ನೂ ಬಿಗಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಹೊಲ ಮನೆಯ ಖರೇದಿ ನೋಂದಣಿಯಾದ ಪತ್ರದಿಂದಲೇ ಆಗಬೇಕು. ಇವತ್ತು ನೂರು ರೂಪಾಯಿಗೆ ಒಂದು ಹಿಡಿ ಮಣ್ಣೂ ಸಿಕ್ಕುವುದಿಲ್ಲ, ಆದ್ದರಿಂದ ಎಲ್ಲ ಖರೇದಿಗೂ ನೋಂದಣಿ ಬೇಕೇ ಬೇಕು. ದಾನಪತ್ರಕ್ಕೆ ನೋಂದಣಿಯ ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಮೃತ್ಯುಪತ್ರಕ್ಕೆ ಇಬ್ಬರು ಸಾಕ್ಷಿಗಳು ಕಡ್ಡಾಯ, ನೋಂದಣಿ ಮಾಡಿಸುವುದು ಬಿಡುವುದು ಬರೆದವರ ಇಷ್ಟ. 1908ರ ನೋಂದಣಿ ಕಾಯ್ದೆಯಂತೆ, ಪತ್ರವನ್ನು ಬರೆದು ಸಹಿ ಮಾಡಿದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಬಾಂಡ್ ಪೇಪರಿನ ಮೇಲೆ ಬರೆದು ನೋಟರಿಯ ಮುದ್ರೆ ಹಾಕಿಸಿದರೆ ಹೊಲ ನಮ್ಮದಾಯಿತೆಂದು ನಂಬಿದವರು ನಮ್ಮ ಸುತ್ತಮುತ್ತ ಇನ್ನೂ ಇದ್ದಾರೆ. ಜನರಲ್ ಪವರ್ ಆಫ್ ಅಟಾರ್ನಿ, ಕರಾರು ಪತ್ರ ಇವುಗಳಿಂದ ಮಾಲಕಿ ಹಕ್ಕು ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ.

ದಾವೆ ಹಾಕುವುದಕ್ಕೂ ಕಟ್ಟಳೆಗಳಿವೆ. ಈಗ ಜಾರಿಯಲ್ಲಿರುವ ಮುದ್ದತಿನ ಕಾಯ್ದೆ 1963ರದು. ಕೈಸಾಲಕ್ಕೆ, ಪ್ರಾಮಿಸರಿ ನೋಟಿಗೆ ಸಾಮಾನ್ಯವಾಗಿ ಮೂರು ವರ್ಷ. ಮುದ್ದತು ಮೀರಿದ್ದರೆ ಎದುರು ಪಕ್ಷದವನು ಸುಮ್ಮನಿದ್ದರೂ ಕೋರ್ಟು ತಾನಾಗಿಯೇ ದಾವೆ ವಜಾ ಮಾಡಬೇಕು. ಮುದ್ದತು ಮುಗಿಯುವ ಮೊದಲು ಸಾಲಗಾರ ಬಾಕಿಯನ್ನು ಬರೆದು ಸಹಿ ಮಾಡಿ ಒಪ್ಪಿಕೊಂಡರೆ ಅಂದಿನಿಂದ ಹೊಸ ಮುದ್ದತು ಶುರುವಾಗುತ್ತದೆ. ಸರಕಾರದ ಮೇಲೆ ದಾವೆ ಹಾಕಬೇಕಾದರೆ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡಬೇಕು. ಇಂಥ ನಿಯಮಗಳು ನ್ಯಾಯಕ್ಕೆ ಸೇವಕರಂತೆ ಇರಬೇಕು, ಯಜಮಾನರಂತೆ ಅಲ್ಲ ಎಂಬ ಅರ್ಥದ ಮಾತನ್ನು ನಮ್ಮ ಸುಪ್ರೀಂ ಕೋರ್ಟು ಅನೇಕ ತೀರ್ಪುಗಳಲ್ಲಿ ಹೇಳಿದೆ. ಆದರೆ ಆ ಸೇವಕನನ್ನು ಅಲಕ್ಷ್ಯ ಮಾಡಿ ಒಳಗೆ ಹೋಗಲು ಬರುವುದಿಲ್ಲ.

ಸಹಕಾರ ಹುಟ್ಟಿದ್ದು

ಸಾವಕಾರನ ಪತ್ರಕ್ಕೆ ಬರೀ ಕಾಯ್ದೆಯಿಂದ ಉತ್ತರ ಸಿಕ್ಕಲಿಲ್ಲ. ರೈತನಿಗೆ ಸಾಲ ಬೇಕೇ ಬೇಕು, ಅದನ್ನು ಕೊಡುವವರು ಬೇರೆ ಯಾರು? ಈ ಪ್ರಶ್ನೆಗೆ ಉತ್ತರವಾಗಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಹತ್ತು ಜನ ಸೇರಿದರೆ ಸಂಘ ಮಾಡಬಹುದೆಂದು ಅದು ಹೇಳಿತು. ಮರುವರ್ಷವೇ, 1905ರ ಮೇ 8ರಂದು, ಗದಗ ಸಮೀಪದ ಕಣಗಿನಹಾಳ ಗ್ರಾಮದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಂಘ ನೋಂದಣಿಯಾಯಿತು. ದೇಶದ ಸಹಕಾರ ಚಳವಳಿ ಅಲ್ಲಿಂದಲೇ ಎಣಿಕೆಯಾಗುತ್ತದೆ ಎಂಬುದು ನಮಗೆಲ್ಲ ಅಭಿಮಾನದ ಸಂಗತಿ. ಸುಪೆಯಲ್ಲಿ ಪತ್ರಗಳು ಸುಟ್ಟು ಸರಿಯಾಗಿ ಮೂವತ್ತು ವರ್ಷಕ್ಕೆ, ಅದೇ ಮುಂಬಯಿ ಇಲಾಖೆಯಲ್ಲಿ, ಅದೇ ಮೇ ತಿಂಗಳಲ್ಲಿ, ರೈತರು ತಾವೇ ತಮಗಾಗಿ ಪತ್ರ ಬರೆದುಕೊಳ್ಳಲು ಕೂತರು.

ನಮ್ಮ ಸಂಘ ನಡೆಯುತ್ತಿರುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ. ಸಂಘಕ್ಕೂ ಸದಸ್ಯರಿಗೂ ನಡುವೆ ವ್ಯವಹಾರದ ತಂಟೆ ಬಂದರೆ ಸಿವಿಲ್ ಕೋರ್ಟಿಗೆ ಅಲೆಯಬೇಕಾದ್ದಿಲ್ಲ. 70ನೇ ಕಲಮಿನಂತೆ ಸಹಕಾರ ಇಲಾಖೆಯ ಮುಂದೆಯೇ ದಾವೆ ಹೂಡಬಹುದು. ಹಾಗೆಂದು ಅಲ್ಲಿ ಕಾಗದ ಬೇಡವೆಂದಲ್ಲ.

ನಮ್ಮದೇ ಒಂದು ಅನುಭವ

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. ನಮ್ಮ ಸಂಘದ ಆರನೆಯ ವರ್ಷದಲ್ಲಿ ನಡೆದದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಹೆಸರು ಹೇಳುವುದು ಬೇಡ. ಒಬ್ಬ ಸದಸ್ಯರು ಸಾಲ ತೆಗೆದುಕೊಂಡು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಅದೇ ಓಣಿಯ ಇನ್ನೊಬ್ಬರು ಜಾಮೀನಾಗಿ ಸಹಿ ಮಾಡಿದರು. ಎರಡು ವರ್ಷದಲ್ಲಿ ಸಾಲಗಾರರು ತೀರಿಕೊಂಡರು. ಜಾಮೀನುದಾರರಿಗೆ ನೋಟೀಸು ಹೋದಾಗ ಅವರು ಕಚೇರಿಗೆ ಬಂದು, "ನಾ ಸೈ ಮಾಡಿದಾಗ ಫಾರ್ಮು ಖಾಲಿ ಇತ್ರಿ. ಇಷ್ಟು ರೊಕ್ಕ ಅಂತ ಯಾರೂ ಹೇಳಿಲ್ಲ" ಎಂದರು.

ಪತ್ರ ತೆಗೆದು ನೋಡಿದೆವು. ತಾರೀಖಿನ ಜಾಗ ಖಾಲಿ. ಹೆಬ್ಬೆಟ್ಟಿನ ಕೆಳಗೆ ಇದು ಇಂಥವರ ಹೆಬ್ಬೆಟ್ಟು, ನನ್ನ ಎದುರಿಗೆ ಒತ್ತಿದ್ದು ಎಂದು ಗುರುತಿಸಿದವರ ಸಹಿ ಇಲ್ಲ. ಮೊತ್ತ ಒಂದು ಮಸಿಯಲ್ಲಿ, ಉಳಿದದ್ದು ಇನ್ನೊಂದು ಮಸಿಯಲ್ಲಿ. ದಾವೆ ಹಾಕಿದೆವು. ಜಾಮೀನುದಾರರ ಮೇಲಿನ ನಮ್ಮ ದಾವೆ ಬಿದ್ದುಹೋಯಿತು. ಬೀಳಬೇಕಾದದ್ದೇ. ತಪ್ಪು ಅವರದಲ್ಲ, ನಮ್ಮದು. ಸಂತೆಯ ದಿನ ಜನ ಬಹಳ, ಎಲ್ಲರೂ ನಮ್ಮ ಊರಿನವರೇ, ಆಮೇಲೆ ತುಂಬಿದರಾಯಿತು ಎಂಬ ಸಡಿಲಿಕೆ ನಮ್ಮದು.

ಹಣಕ್ಕಿಂತ ಹೆಚ್ಚಿನ ನಷ್ಟ ಬೇರೆ ಆಯಿತು. ಎರಡು ಮನೆಯವರ ನಡುವೆ ಮಾತು ನಿಂತಿತು. ಒಂದೇ ಓಣಿಯಲ್ಲಿದ್ದು ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಲಿಲ್ಲ. ಕೊನೆಗೆ ತೀರಿಕೊಂಡ ಸದಸ್ಯರ ಮಗ ತಾನಾಗಿಯೇ ಸಂಘಕ್ಕೆ ಬಂದ. ಪತ್ರ ತೋರಿಸಲು ಹೇಳಿದ. ಆ ಗುರುತನ್ನು ಬಹಳ ಹೊತ್ತು ನೋಡಿ, "ಇದು ನಮ್ಮಪ್ಪನ ಹೆಬ್ಬೆಟ್ಟು. ಅಪ್ಪ ಕಬ್ಬು ಕಡಿಯುವಾಗ ಕುಡಗೋಲು ತಾಗಿದ್ದ ಕಲೆ ಇಲ್ಲಿ ನೋಡ್ರಿ. ಕಾಯ್ದೆ ಏನರ ಹೇಳ್ಲಿ, ನಾ ತೀರಸ್ತೀನಿ" ಎಂದ. ನಾಲ್ಕು ವರ್ಷ ಕಂತಿನಲ್ಲಿ ತೀರಿಸಿದ. ಪ್ರತಿ ಕಂತಿಗೂ ನಾವು ಕೇಳುವ ಮೊದಲೇ ರಸೀದಿ ಕೇಳಿ ಪಡೆದ. ಕಡೆಯ ಕಂತಿನ ದಿನ ಜಾಮೀನುದಾರರನ್ನೂ ಕರೆತಂದ. ಅಂದು ಫಾರಖತ್ತು ಬರೆದು ಕೊಟ್ಟು, ಹಳೆಯ ಪತ್ರದ ಮೇಲೆ ಅಡ್ಡಗೆರೆ ಎಳೆದು ಇಬ್ಬರ ಎದುರಿಗೂ ರದ್ದು ಮಾಡಿದೆವು. ಚಹಾ ಕುಡಿದು ಇಬ್ಬರೂ ಒಟ್ಟಿಗೇ ಮನೆಗೆ ಹೋದರು.

ಎಲ್ಲ ಮನೆಯಲ್ಲೂ ಅಂಥ ಮಗ ಇರುವುದಿಲ್ಲ. ಆದ್ದರಿಂದ ಅಂದಿನ ಆಡಳಿತ ಮಂಡಳಿ ಠರಾವು ಮಾಡಿ ನಾಲ್ಕು ಕ್ರಮ ಹಾಕಿತು. ಖಾಲಿ ಫಾರ್ಮಿಗೆ ಯಾರ ಸಹಿಯನ್ನೂ ತೆಗೆದುಕೊಳ್ಳಬಾರದು. ಸಹಿ, ಹೆಬ್ಬೆಟ್ಟು ಹಾಕುವ ಮೊದಲು ಪತ್ರವನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹೆಬ್ಬೆಟ್ಟಿನ ಪಕ್ಕದಲ್ಲೇ ಹೆಸರು ಬರೆದು, ಓದಿ ಹೇಳಿದವರು ಮತ್ತು ಗುರುತಿಸಿದವರು ಸಹಿ ಮಾಡಬೇಕು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ತಾರೀಖು ಹಾಕಿಯೇ ಏಳಬೇಕು. ಅಂದಿನಿಂದ ಇಂದಿನವರೆಗೆ ಇಂಥ ತಕರಾರು ನಮ್ಮಲ್ಲಿ ಮತ್ತೆ ಬಂದಿಲ್ಲ.

ಇಂದಿನ ದಿನ

ಕಾಲ ಬದಲಾಗಿದೆ. ನಕಲಿ ಛಾಪಾ ಕಾಗದದ ದೊಡ್ಡ ಹಗರಣ ದೇಶವನ್ನೇ ನಡುಗಿಸಿದ ಮೇಲೆ ಕಾಗದದ ಬದಲು ಇ-ಸ್ಟಾಂಪು ಬಂದಿದೆ. 2001ರ ತಿದ್ದುಪಡಿಯಿಂದ ನೋಂದಣಿಗೆ ಭಾವಚಿತ್ರ ಮತ್ತು ಬೆರಳ ಗುರುತು ಎರಡೂ ಬೇಕು. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ರೇಷನ್ ಅಂಗಡಿಯಲ್ಲಿ ಎಂ.ಎ. ಓದಿದವರೂ ಯಂತ್ರದ ಮೇಲೆ ಬೆರಳಿಡುತ್ತಾರೆ. ಅಂದು ಕೊನಾಯಿಯ ಅಂಗೈಗೆ ಬಳಿದ ಮಸಿ ಇಂದು ಎಲ್ಲರ ಬೆರಳಿಗೂ ಬಂದಂತಾಗಿದೆ.

ಆದರೆ ಅಪಾಯ ಮಾತ್ರ ಹಳೆಯದೇ. ಅಂದು ಓದು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಇಂದು ಓದು ಬಂದರೂ ಓದದೆ ಸಹಿ ಮಾಡುತ್ತೇವೆ. ಇಪ್ಪತ್ತು ಪುಟದ ಫಾರ್ಮಿನಲ್ಲಿ ಗೀಟು ಹಾಕಿದ ಕಡೆಯಲ್ಲೆಲ್ಲ ಸೈ ಹಾಕಿ ಎದ್ದು ಬರುತ್ತೇವೆ. ಮೊಬೈಲಿಗೆ ಬಂದ ನಂಬರನ್ನು ಯಾರು ಕೇಳಿದರೂ ಹೇಳಿಬಿಡುತ್ತೇವೆ. ಅದೂ ಒಂದು ಸಹಿಯೇ ಎಂಬುದು ಹಣ ಹೋದ ಮೇಲೆ ತಿಳಿಯುತ್ತದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಕಳಕಳಿಯ ವಿನಂತಿ ಇಷ್ಟೆ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಮಾಡಬೇಡಿ, ಕೇಳುವವರು ನಮ್ಮ ಸಂಘದ ನೌಕರರೇ ಆಗಿದ್ದರೂ ಮಾಡಬೇಡಿ. ತಿಳಿಯದಿದ್ದರೆ ಓದಿ ಹೇಳ್ರಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು, ಹೇಳುವುದು ನಮ್ಮ ಕರ್ತವ್ಯ. ಹಣ ಕಟ್ಟಿದಾಗ ರಸೀದಿ ಇಲ್ಲದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಜಾಮೀನು ಸಹಿಯನ್ನು ಮುಲಾಜಿಗೆ ಮಾಡಬೇಡಿ. ಅದು ಸಾಲದಷ್ಟೇ ಭಾರ. ಅಣ್ಣ ತಮ್ಮಂದಿರ ವಾಟ್ನಿಯಾಗಲಿ, ನೆರೆಯವರ ಕೈಸಾಲವಾಗಲಿ, ಪ್ರೀತಿ ಇರುವಾಗಲೇ ಬರೆದಿಡಿ. ಸಂಶಯದಿಂದ ಬರೆಯುತ್ತಾರೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಮುಂದೆ ಸಂಶಯ ಬಾರದಿರಲಿ ಎಂದೇ ಬರೆಯುವುದು.

ಬೆಳ್ಳಿಹಬ್ಬದ ದಿನ ಸಂಘದ ಕಚೇರಿಗೆ ಬಂದಾಗ ನಿಮ್ಮ ನಿಮ್ಮ ಸಾಲದ ಪತ್ರ ತೆಗೆಸಿ ನೋಡಿರಿ. ತಾರೀಖು ಇದೆಯೇ, ಮೊತ್ತ ಸರಿಯಿದೆಯೇ, ಕಟ್ಟಿದ ಕಂತು ನಿಮ್ಮ ಪಾಸ್‌ಬುಕ್ಕಿನಲ್ಲಿ ಏರಿದೆಯೇ ಎಂದು ನೋಡಿರಿ. ತಪ್ಪು ಕಂಡರೆ ಅಲ್ಲೇ ತಿಳಿಸಿರಿ, ಅಂದೇ ತಿದ್ದಿಕೊಡುತ್ತೇವೆ.